ಯುದ್ಧ ನೋಡದೇ ಬರೆದ ಯುದ್ಧದ ಚಿತ್ರ: ಫ್ಲೆಮಿಶ್ ಕಲಾವಿದರನ್ನ ನಂಬಬಹುದಾ?

ಪರ

ನಂಬಬಹುದು ಅಂತೀನಿ. ಫ್ಲೆಮಿಶ್ ಅಂದ್ರೆ ಈಗಿನ ಬೆಲ್ಜಿಯಂನ ಫ್ಲಾಂಡರ್ಸ್ ಕಡೆಯವರು. ಅಲ್ಲಿನ ಆಂಟ್ವರ್ಪ್ ಅಂದ್ರೆ ಸ್ಕೆಲ್ಡ್ ನದಿ ದಡದ ಬಂದರು, ಅಲ್ಲಿನ ಕಲಾವಿದರಿಗೆ ಹಡಗು ಅನ್ನೋದು ನಮಗೆ ಎತ್ತಿನಗಾಡಿ ಇದ್ದ ಹಾಗೆ, ದಿನಾ ಕಣ್ಣೆದುರಿಗೇ ಇರೋದು. 16ನೇ ಶತಮಾನದ ಫ್ಲೆಮಿಶ್ ಚಿತ್ರಕಾರ ಪೀಟರ್ ಬ್ರೂಗಲ್ ಬರೆದು, ಫ್ರಾನ್ಸ್ ಹಾಯ್ಸ್ ತಾಮ್ರದ ತಗಡಲ್ಲಿ ಕೆತ್ತಿ, 1560ರ ದಶಕದಲ್ಲಿ ಅಚ್ಚಾದ ಹಡಗುಗಳ ಸೀರೀಸ್ ಇದೆ, ಒಂದ್ಸಲ ಝೂಮ್ ಮಾಡಿ ನೋಡಿ, ಹಾಯಿ ಹೇಗೆ ಕಟ್ಟಿದಾರೆ, ಹಗ್ಗ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಫಿರಂಗಿ ಎಲ್ಲಿಂದ ಮೂತಿ ಹೊರಗೆ ಹಾಕಿದೆ, ಎಲ್ಲಾ ಕಾಣುತ್ತೆ. ಆ ಕಾಲದ ಹಡಗುಗಳು ಬಹುತೇಕ ಕೊಳೆತು ಮುಳುಗಿ ಹೋದ್ವು, ಈಗ ಅವು ಹೇಗಿದ್ವು ಅಂತ ತಿಳ್ಕೊಳ್ಳೋಕೆ ಇಂಥ ಚಿತ್ರಗಳು ದೊಡ್ಡ ಆಸರೆ.

ಇನ್ನು ಸಮುದ್ರದ ಚಿತ್ರ ಬರೀತಿದ್ದ ಆಂಟ್ವರ್ಪಿನ ಬೊನವೆಂಚುರಾ ಪೀಟರ್ಸ್ (1614-1652). ಅವನ ಕಪ್ಪು ಮೋಡ, ಮಗುಚೋ ಹಾಗೆ ವಾಲಿರೋ ಹಡಗು ನೋಡಿದ್ರೆ ಎದೆ ಝಲ್ ಅನ್ನುತ್ತೆ. ಸಮುದ್ರದಲ್ಲಿ ಸಿಕ್ಕಿಹಾಕ್ಕೊಂಡ ಮನುಷ್ಯನ ಭಯಾನ ಯಾವ ದಾಖಲೆ ಪುಸ್ತಕ ಇಷ್ಟು ಚೆನ್ನಾಗಿ ಹೇಳುತ್ತೆ? ನನಗೆ ಅದೂ ಸಾಕ್ಷಿನೇ.

ವಿರೋಧ

ಹಗ್ಗ ಸರಿ ಇದ್ದ ಮಾತ್ರಕ್ಕೆ ಯುದ್ಧ ಸರಿ ಇರಬೇಕು ಅಂತೇನಿಲ್ಲ. ಗ್ರೀಸ್ ಹತ್ತಿರ ಆಟೋಮನ್ ತುರ್ಕರಿಗೂ ಕ್ರೈಸ್ತ ರಾಜ್ಯಗಳಿಗೂ ಲೆಪಾಂಟೊ ನೌಕಾ ಕಾಳಗ ನಡೆದಿದ್ದು 1571ರಲ್ಲಿ, ಅದನ್ನ ಬರೆದ ಆಂಟ್ವರ್ಪಿನ ಚಿತ್ರಕಾರ ಆಂಡ್ರೀಸ್ ವಾನ್ ಏರ್ಟ್‌ವೆಲ್ಟ್ ಹುಟ್ಟಿದ್ದೇ 1590ರಲ್ಲಿ! ಯಾವ ಹಡಗು ಯಾವುದಕ್ಕೆ ಗುದ್ದಿತು ಅಂತ ಅವನ ಕ್ಯಾನ್ವಾಸ್ ನೋಡಿ ಹೇಳೋಕಾಗಲ್ಲ. ಜಾಗನ ಕಣ್ಣಾರೆ ನೋಡಿದ್ರೂ ಅಷ್ಟೇ. ಬ್ರೂಗಲ್ ಇಟಲಿಗೆ ಹೋಗಿ ಬಂದಿದ್ದ, ಆದ್ರೂ ರೋಮ್‌ನ ಡೋರಿಯಾ ಪಾಂಫಿಲಿ ಗ್ಯಾಲರಿಯಲ್ಲಿರೋ ನೇಪಲ್ಸ್ ನೌಕಾಯುದ್ಧದ ಚಿತ್ರದಲ್ಲಿ ಬಂದರಿನ ಕಟ್ಟೆನ ದುಂಡಗೆ ಮಾಡಿಟ್ಟಿದಾನೆ, ನಿಜವಾದ ಕಟ್ಟೆ ಆಯತಾಕಾರವಾಗಿತ್ತು. ಚಿತ್ರಕ್ಕೆ ಚೆಂದ, ಒಪ್ತೀನಿ. ಆದ್ರೆ ಕಲ್ಲಿನ ಕಟ್ಟೆನೇ ಬದಲಾಯಿಸಿದೋನು ಹೊಗೆ ಮಧ್ಯದ ಕಾಳಗನ ಇದ್ದಂಗೇ ಬರೆದಿರ್ತಾನಾ?

ಫ್ಲೆಮಿಶ್ ನಾವಿಕನ ಮಗ, ಹಾಲೆಂಡಿನ ಚಿತ್ರಕಾರ ವಿಲ್ಲೆಮ್ ವಾನ್ ಡೆ ವೆಲ್ಡೆ ಹಿರಿಯನ ವಿಷಯ ಬೇರೆ. 1666ರ ನಾಲ್ಕು ದಿನಗಳ ಕಾಳಗದಲ್ಲಿ ಡಚ್ ನೌಕಾಪಡೆ ಜೊತೆಗೇ ಸಣ್ಣ ದೋಣೀಲಿ ಹೋಗಿ, ಫಿರಂಗಿ ಸದ್ದಿನ ನಡುವೆ ಕೂತು ಸ್ಕೆಚ್ ಮಾಡಿದ. ಸಾಕ್ಷಿ ಅಂದ್ರೆ ನಾನು ಆ ಸ್ಕೆಚ್‌ಗಳನ್ನ ನಂಬ್ತೀನಿ. ಅವನ ದೊಡ್ಡ ಚಿತ್ರಗಳ ಮುಂದೆ ನಿಂತಾಗ ಮಾತ್ರ ದುಡ್ಡು ಕೊಟ್ಟಿದ್ದು ಯಾರು ಅಂತ ಮೊದಲು ಕೇಳ್ತೀನಿ, ಯಾಕಂದ್ರೆ 1674ರಲ್ಲಿ ಅವನಿಗೆ ವರ್ಷಕ್ಕೆ 100 ಪೌಂಡ್ ಸಂಬಳ ಗೊತ್ತು ಮಾಡಿದ್ದು ಆ ಕಾಳಗದಲ್ಲಿ ಎದುರು ಪಕ್ಷದಲ್ಲಿದ್ದ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್.