ಅಜ್ಜಿಯ ಮಾತು ನನಗೆ ಕೇಳಿಸಿದ್ದು 'ಗೃಹಭಂಗ' ಓದಿದ ಮೇಲೆ

"ಇಲಿ ಬಿತ್ತು ಅಂದ್ರೆ ಊರು ಬಿಡೋದೇ ಕಣೋ." ನಮ್ಮಜ್ಜಿ ಈ ಮಾತನ್ನು ಅದೆಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಪ್ಲೇಗಿನ ಕಾಲದ ಮಾತು. ಮನೆಯೊಳಗೆ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು, ದನಕರು ಹೊಡೆದುಕೊಂಡು, ಹೊಲದ ಕಡೆ ಗುಡ್ಲು ಹಾಕಿಕೊಂಡು ಇರೋದಂತೆ. ನಾನು ಹೂಂ ಅನ್ನುತ್ತಿದ್ದೆ. ಚಿಕ್ಕ ಹುಡುಗನಿಗೆ ಅದು ಊರೆಲ್ಲ ಸೇರಿ ತೋಟಕ್ಕೆ ಹೋದ ಹಾಗೆ ಕಾಣುತ್ತಿತ್ತು, ಅಷ್ಟೇ. ಆಮೇಲೆ ಶಾಲೆಯಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ ಅಂತ ಓದಿದೆ. ಅದನ್ನೂ ಓದಿ ಮರೆತೆ.

ಕಾಲೇಜಿನಲ್ಲಿದ್ದಾಗ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿ ಕೈಗೆ ಬಂತು. ನಂಜಮ್ಮ ಗೊತ್ತಲ್ವಾ? ಶಾನುಭೋಗಿಕೆ ಗಂಡನ ಹೆಸರಲ್ಲಿ, ಲೆಕ್ಕ ಬರೆಯುವವಳು ಇವಳು. ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಮಾಡಿ ಮಕ್ಕಳ ಹೊಟ್ಟೆ ತುಂಬಿಸುವವಳು. ಅವಳ ಜೊತೆ ಅಷ್ಟು ಪುಟ ನಡೆದು, ಆ ಮನೆಯ ಮಡಕೆ ಕುಡಿಕೆಯೆಲ್ಲ ನಮಗೆ ಗೊತ್ತಾದ ಮೇಲೆ ಪ್ಲೇಗು ಬರುತ್ತೆ. ಅವಳ ಮಗಳು ಪಾರ್ವತಿ, ಮಗ ರಾಮಣ್ಣ, ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೋಗಿಬಿಡುತ್ತಾರೆ.

ಪುಸ್ತಕ ಮಡಚಿಟ್ಟು ಹೊರಗೆ ಬಂದು ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಭೈರಪ್ಪನವರು ಅಲ್ಲಿ ನಮ್ಮನ್ನು ಅಳಿಸೋಕೆ ಹೊರಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ, ಪಂಚಾಂಗ ಓದಿದಷ್ಟು ಸಪ್ಪಗೆ ಹೇಳುತ್ತಾ ಹೋಗುತ್ತಾರೆ. ನಮಗೆ ಸಿಗಬೇಕಾದ ಸಮಾಧಾನದ ಒಂದು ಸಾಲೂ ಅಲ್ಲಿಲ್ಲ. ನನ್ನ ಪ್ರಕಾರ ಆ ಪುಟಗಳ ಶಕ್ತಿ ಇರೋದೇ ಅಲ್ಲಿ. ಬರೆಯುವವರು ಅತ್ತುಬಿಟ್ಟರೆ ಓದುವವನು ದೂರ ನಿಂತು ನೋಡುತ್ತಾನೆ. ಭೈರಪ್ಪನವರ ತಾಯಿ, ಒಡಹುಟ್ಟಿದವರು ಪ್ಲೇಗಿನಲ್ಲೇ ಹೋದದ್ದು ನನಗೆ ಆಮೇಲೆ ಅವರ ಆತ್ಮಕಥೆ 'ಭಿತ್ತಿ' ಓದಿದಾಗ ಗೊತ್ತಾಯಿತು. ಅಷ್ಟು ನೋವನ್ನು ಒಳಗಿಟ್ಟುಕೊಂಡು ಅಷ್ಟು ಸಪ್ಪಗೆ ಬರೆಯೋಕೆ ಎಂಥ ಗಟ್ಟಿ ಎದೆ ಬೇಕು ಹೇಳಿ.

ಕಥೆ ಕಾದಂಬರಿ ಓದಿ ಏನು ಸಿಗುತ್ತೆ, ಬೇಕಾದ್ದೆಲ್ಲ ಫೋನಿನಲ್ಲೇ ಇದೆಯಲ್ಲ ಅಂತ ಈಗ ತುಂಬಾ ಜನ ಕೇಳುತ್ತಾರೆ. ನನಗೆ ಸಿಕ್ಕಿದ್ದು ನಮ್ಮಜ್ಜಿ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಇದ್ದು, ಅವರ ಕೈತುತ್ತು ತಿಂದು ಬೆಳೆದು, ಗುಡ್ಲಿಗೆ ಹೋದವರು ಎಷ್ಟು ಜನ, ವಾಪಸ್ ಬಂದವರು ಎಷ್ಟು ಜನ ಅಂತ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಆ ಸಲ ಊರಿಗೆ ಹೋದಾಗ ಕೇಳಿದೆ. ಅವರಿಗೆ ಒಬ್ಬಳು ತಂಗಿ ಇದ್ದಳಂತೆ. ಅಪ್ಪನಿಗೂ ಅದು ಗೊತ್ತಿರಲಿಲ್ಲ. ಕಂಕುಳಲ್ಲಿ ಗೆಡ್ಡೆ ಎದ್ದು, ಮೂರು ದಿನ ಜ್ವರ. ಹೆಸರು ಹೇಳಿದರು, ಜಡೆ ಉದ್ದ ಇತ್ತು ಅಂದರು, ಸುಮ್ಮನಾದರು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಪುಸ್ತಕ ತಂದು ಆ ಭಾಗ ಓದಿ ಹೇಳಿದೆ. ಅರ್ಧಕ್ಕೇ "ಸಾಕು, ಮುಚ್ಚು" ಅಂದು ಎದ್ದು ಒಳಗೆ ಹೋದರು. ಓದಬಾರದಿತ್ತೇನೋ ಅನ್ನಿಸಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕಾಫಿ ಕೊಡುತ್ತಾ ಅವರೇ ಕೇಳಿದರು. "ಆ ನಂಜಮ್ಮನ ಚಿಕ್ ಹುಡ್ಗ ಒಬ್ಬ ಇದ್ನಲ್ಲ, ವಿಶ್ವ. ಉಳ್ಕೊಂಡ್ನಾ?"

ಉಳಿದ ಅಜ್ಜಿ, ಕೊನೆಗೆ ಆ ಊರಿನ ಜಂಗಮ ಮಹಾದೇವಯ್ಯನವರು ಅವನನ್ನ ಕರ್ಕೊಂಡು ಹೋಗ್ತಾರೆ ಅಂದೆ.

"ಸದ್ಯ" ಅಂದರು.