ಮೋಗ್ಲಿಯ ಕಾಲ ಚೆನ್ನಾಗಿತ್ತು ಎನ್ನುವವರಿಗೆ

ಮೊನ್ನೆ ಹಾಸನದ ನೆಂಟರ ಮನೆಯಲ್ಲಿ ಚಿಂಟು ಟಿವಿಯ ಕನ್ನಡ ಕಾರ್ಟೂನ್ ನೋಡಿ ಬಿದ್ದು ಬಿದ್ದು ನಗುತ್ತಿದ್ದ ಪುಟ್ಟ ಮಗುವಿನ ಕೈಯಿಂದ ಅದರ ಅಪ್ಪ ರಿಮೋಟ್ ಕಿತ್ತುಕೊಂಡು, "ಇದನ್ನು ನೋಡು, ನಾಲ್ಕು ಮಾತು ಇಂಗ್ಲಿಷಾದರೂ ಬರುತ್ತದೆ" ಎಂದು ಬೇರೆ ಚಾನೆಲ್ ಹಾಕಿದರು. ಅಷ್ಟಕ್ಕೇ ಮುಗಿದಿದ್ದರೆ ನಾನು ಕಾಫಿ ಕುಡಿದು ಸುಮ್ಮನೆ ಎದ್ದು ಬರುತ್ತಿದ್ದೆ. ಆದರೆ ಅದೇ ಮಹಾಶಯರು ನನ್ನತ್ತ ತಿರುಗಿ, ನಮ್ಮ ಕಾಲದ ಮೋಗ್ಲಿಯಂಥ ಕಾರ್ಟೂನ್ ಈಗ ಎಲ್ಲಿದೆ ಎಂದು ನಿಟ್ಟುಸಿರುಬಿಟ್ಟು, ಅದರ ಹಿಂದಿ ಶೀರ್ಷಿಕೆ ಗೀತೆಯನ್ನು ಗುನುಗತೊಡಗಿದರು.

ಮೋಗ್ಲಿ ನನಗೂ ಪ್ರಿಯನೇ. ಆದರೆ ಜಪಾನಿನಲ್ಲಿ 1989ರಲ್ಲಿ ತಯಾರಾದ ಆ ಸರಣಿ 1993ರಲ್ಲಿ ದೂರದರ್ಶನಕ್ಕೆ ಬಂದಾಗ ಅದನ್ನು ಹಿಂದಿಗೆ ಡಬ್ ಮಾಡಲಾಗಿತ್ತು, ಅದರ ಹುಲಿ ಶೇರ್ ಖಾನನಿಗೆ ನಟ ನಾನಾ ಪಾಟೇಕರ್ ದನಿ ಕೊಟ್ಟಿದ್ದರು, ಮತ್ತು ಆ ದನಿ ಏನು ಹೇಳುತ್ತಿದೆ ಎಂಬುದು ನಮ್ಮ ಮನೆಯಲ್ಲಿ ಯಾರೊಬ್ಬರಿಗೂ ತಿಳಿಯುತ್ತಿರಲಿಲ್ಲ. ಡಕ್‌ಟೇಲ್ಸ್‌ನ ಬಾತುಕೋಳಿಗಳು ಹಿಂದಿಯಲ್ಲೇ ಹೇಳುತ್ತಿದ್ದ ಜೋಕುಗಳಿಗೆ ನಾವು ಅವುಗಳ ಮುಖ ನೋಡಿ, ಅಂದಾಜಿನ ಮೇಲೆ ನಗುತ್ತಿದ್ದೆವು. ಟಿವಿ ಪ್ರಸಾರವನ್ನು ಹೊತ್ತು ತರುತ್ತಿದ್ದ ಇನ್ಸಾಟ್ ಉಪಗ್ರಹಗಳ ನಿಯಂತ್ರಣ ಕೇಂದ್ರ 1982ರಿಂದ ಇರುವುದು ಇದೇ ಹಾಸನದಲ್ಲಿ. ಉಪಗ್ರಹದ ಚುಕ್ಕಾಣಿ ನಮ್ಮೂರಿನಲ್ಲಿ, ಟಿವಿಯಿಂದ ಹೊರಡುವ ಮಾತು ಮಾತ್ರ ನಮ್ಮದಲ್ಲ. ಹೆಂಚಿನ ಮೇಲೆ ಹತ್ತಿ ಆ್ಯಂಟೆನಾ ತಿರುಗಿಸುವ ಕೆಲಸವಂತೂ ನಮಗೇ ಮೀಸಲಾಗಿತ್ತು.

ಚಿಂಟು ಟಿವಿ ಬಂದದ್ದು 2009ರಲ್ಲಿ. ಡಬ್ಬಿಂಗ್ ಎಂದರೆ ಕನ್ನಡಕ್ಕೆ ಕುತ್ತು ಎಂದು ದೊಡ್ಡವರ ಕಾರ್ಯಕ್ರಮಗಳನ್ನು ತಡೆಯುತ್ತಿದ್ದ ದಿನಗಳವು. 2012ರಲ್ಲಿ ಆಮಿರ್ ಖಾನರ ಹಿಂದಿ ಟಿವಿ ಕಾರ್ಯಕ್ರಮ 'ಸತ್ಯಮೇವ ಜಯತೆ'ಯನ್ನು ಕನ್ನಡದಲ್ಲಿ ತೋರಿಸುವುದಕ್ಕೂ ವಿರೋಧ ಬಂದಿತ್ತು. ಅಂಥ ಹೊತ್ತಿನಲ್ಲೂ ಮಕ್ಕಳ ಕಾರ್ಟೂನ್ ಮಾತ್ರ ಕನ್ನಡದಲ್ಲಿ ಮಾತನಾಡಿತು. ದೊಡ್ಡವರಿಗೆ ದಕ್ಕದ ಭಾಗ್ಯ ಅದು. ನಿಜ ಹೇಳುತ್ತೇನೆ, ಮಾತು ಮುಗಿಯುವ ಮೊದಲೇ ಆ ಮಗು ನಕ್ಕದ್ದನ್ನು ಕಂಡು ನನಗೆ ಶುದ್ಧ ಹೊಟ್ಟೆಕಿಚ್ಚಾಯಿತು. ನಾನು ಆ ವಯಸ್ಸಿನಲ್ಲಿ ಒಮ್ಮೆಯೂ ಹಾಗೆ ನಕ್ಕವನಲ್ಲ.

ಡಬ್ಬಿಂಗ್ ಕನ್ನಡ ಕೃತಕ, ಅದರಲ್ಲಿ ನಮ್ಮ ಹಾಸನದ ಸೊಗಡಿಲ್ಲ ಎಂದು ಕೆಲವರು ಹೇಳುತ್ತಾರೆ. ಇರಲಿ. ಹಿಂದಿ ಮೋಗ್ಲಿ ಅರಕಲಗೂಡಿನ ಕನ್ನಡವನ್ನೇನೂ ಆಡುತ್ತಿರಲಿಲ್ಲವಲ್ಲ! ಇನ್ನು ಇಂಗ್ಲಿಷ್ ಬೇಡವೇ ಎಂಬ ಪ್ರಶ್ನೆ. ಧಾರಾಳವಾಗಿ ಬೇಕು ಮಹಾಶಯರೇ, ಅದಕ್ಕೆಂದೇ ತಾವು ಶಾಲೆಗೆ ಕಟ್ಟಿ ಬಂದ ಶುಲ್ಕವನ್ನು ಅದೇ ಸಂಜೆ ತಾವೇ ಎರಡು ಬಾರಿ ಹೇಳಿದಿರಿ. ಅಷ್ಟು ದುಡ್ಡು ತೆಗೆದುಕೊಂಡವರು ಆ ಕೆಲಸವನ್ನು ಮಾಡಲಿ, ರಿಮೋಟನ್ನು ಮಗುವಿಗೆ ಕೊಡಿ.