ತಪ್ಪು ಬಿಲ್ ಸರಿಮಾಡೋದು ಉಪಕಾರ ಅಲ್ಲ

ಕ್ರೆಡಿಟ್ ಕಾರ್ಡ್ ಕಸ್ಟಮರ್ ಕೇರ್‌ನವರ ಒಂದು ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. "ನೀವು ಹಳೇ ಗ್ರಾಹಕರು ಅಂತ ಈ ಸಲ ದುಡ್ಡು ವಾಪಸ್ ಹಾಕ್ತಿದ್ದೇವೆ ಸರ್." ತಪ್ಪೂ ಅವರದ್ದೇ, ಉಪಕಾರವೂ ಅವರದ್ದೇ!

ಶಿರಸಿಯ ನಮ್ಮ ಭಾವ ಕುಮಟಾ ಕಡೆಯ ಪೆಟ್ರೋಲ್ ಬಂಕಿನಲ್ಲಿ ಕಾರ್ಡ್ ಕೊಟ್ಟಿದ್ದ. ಮೆಷಿನ್ 'ಡಿಕ್ಲೈನ್ಡ್' ಅಂತ ಚೀಟಿ ಉಗುಳಿತು. ಮತ್ತೆ ಉಜ್ಜಿದರು, ಆಯ್ತು. ತಿಂಗಳ ಬಿಲ್‌ನಲ್ಲಿ ಎರಡೂ ಇದ್ದವು. ಒಂದರ ಕೆಳಗೊಂದು, ಅದೇ ದಿನ, ಅದೇ 2,000 ರೂಪಾಯಿ. ಬ್ಯಾಂಕಿನವರು "ಬಂಕಿನಲ್ಲಿ ಕೇಳಿ" ಅಂದರು. ಬಂಕಿನವರು "ನಮಗೆ ಒಂದೇ ಸಲ ಬಂದಿದೆ, ಬ್ಯಾಂಕಿನಲ್ಲಿ ಕೇಳಿ" ಅಂದರು. "ಹೋಗ್ಲಿ ಬಿಡು ಮಾರಾಯ, ಇಷ್ಟಕ್ಕೆ ಯಾರು ಗುದ್ದಾಡ್ತಾರೆ" ಅಂದ ಭಾವ. ಅಡಿಕೆ ತೂಕದಲ್ಲಿ ಅರ್ಧ ಕೇಜಿ ವ್ಯತ್ಯಾಸ ಬಂದರೆ ಸೊಸೈಟಿಯಲ್ಲಿ ಪಟ್ಟಿ ತೆಗೆಸಿ ನೋಡದೆ ಕದಲದ ಮನುಷ್ಯ ಇವನು!

ಬ್ಯಾಂಕಿನ ಹತ್ತಿರವೂ ಹಾಗೇ ಪಟ್ಟಿ ಕೇಳಬಹುದು. ಆರ್‌ಬಿಐನ ಕಾರ್ಡ್ ನಿಯಮದ ಪ್ರಕಾರ, ಗ್ರಾಹಕ ಬಿಲ್ ಒಪ್ಪದಿದ್ದರೆ 30 ದಿನದೊಳಗೆ ಬ್ಯಾಂಕು ವಿವರಣೆ ಕೊಡಬೇಕು, ಅಗತ್ಯ ಇದ್ದಲ್ಲಿ ದಾಖಲೆ ಸಮೇತ. ಮೋಸ ಅಂತ ತಕರಾರು ಮಾಡಿದ ಮೊತ್ತಕ್ಕೆ ಅದು ಇತ್ಯರ್ಥ ಆಗುವವರೆಗೆ ಚಾರ್ಜ್ ಹಾಕುವ ಹಾಗಿಲ್ಲ. ತಕರಾರು ಬಾಕಿ ಇರುವಾಗ ಸುಸ್ತಿದಾರ ಅಂತ, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ಗೆ ತಿಳಿಸುವ ಹಾಗೂ ಇಲ್ಲ. ಆದ್ರೂ "ಸಿಬಿಲ್ ಸ್ಕೋರ್ ಹಾಳಾಗುತ್ತೆ" ಅಂತ ಹೆದರಿಸುತ್ತಾರೆ, ಅಲ್ವಾ?

ಫೋನಿನಲ್ಲಿ ಎಷ್ಟು ಕೂಗಾಡಿದರೂ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಭಾವನ ಕೈಯಲ್ಲಿ ಇಮೇಲ್ ಬರೆಸಿದೆ. ಡಿಕ್ಲೈನ್ಡ್ ಚೀಟಿಯ ಫೋಟೋ ಲಗತ್ತಿಸಿ, ಡಿಕ್ಲೈನ್ ಆದ ವ್ಯವಹಾರದ ದಾಖಲೆ ಕೊಡಿ ಅಂತ ಎರಡೇ ಸಾಲು. ದೂರಿನ ನಂಬರ್ ಬಂತು, ಆಮೇಲೆ ದುಡ್ಡೂ ಬಂತು, ಜೊತೆಗೆ ಆ 'ಹಳೇ ಗ್ರಾಹಕರು' ಡೈಲಾಗೂ ಬಂತು. ಹಾಂ, ತಕರಾರು ಇಲ್ಲದ ಉಳಿದ ಮೊತ್ತವನ್ನು ಕೊನೇ ದಿನಾಂಕದೊಳಗೆ ಕಟ್ಟಿಬಿಡಿ. ಸಿಟ್ಟಿಗೆ ಪೂರ್ತಿ ಬಿಲ್ ನಿಲ್ಲಿಸಿದರೆ ಬಡ್ಡಿ ನಮ್ಮ ತಲೆ ಮೇಲೇ.

ಯಾರೋ ಕಾರ್ಡ್ ಕದ್ದು ಬಳಸಿದ್ದರೆ ಮಾತ್ರ ತಡ ಮಾಡಲೇಬೇಡಿ. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ ಅಂತ 2017ರಿಂದಲೇ ನಿಯಮ ಇದೆ.

ಬ್ಯಾಂಕು 30 ದಿನ ಬಾಯಿ ಬಿಡದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕ ಇಲ್ಲ. ಬ್ಯಾಂಕಿನ ಹೆಡ್ ಆಫೀಸ್ ಮುಂಬೈಯಲ್ಲಿದ್ದರೂ ನಾವು ಅಲ್ಲಿಗೆ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ಗ್ರಾಹಕ ಆಯೋಗಕ್ಕೆ ಹೋಗಬಹುದು. ನಮಗೆ ಅದು ಕಾರವಾರ. ದೇವಿಮನೆ ಘಾಟ್ ಇಳಿಯಲು ಬೇಸರ ಅನ್ನುವವರು ಗ್ರಾಹಕ ದೂರಿನ ಸರ್ಕಾರಿ ಪೋರ್ಟಲ್ ಇ-ಜಾಗೃತಿಯಲ್ಲಿ ಮನೆಯಿಂದಲೇ ದೂರು ಹಾಕಲಿ.